‘ಮಗಳು ಹಾಲು ಚೆಲ್ಲಿದಳು, ನಾನು ಕಾಕಾನ ಹಾಗೆ ಒದರಿದೆ’

ಪ್ರಶ್ನೆ: ಡಾಕ್ಟರೇ, ನನಗೆ 37 ವರ್ಷ. ಹುಬ್ಬಳ್ಳಿಯಲ್ಲಿ ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಹುಟ್ಟೂರು ಗದಗ ಜಿಲ್ಲೆಯ ಒಂದು ಹಳ್ಳಿ. ನಾನು ಎರಡನೇ ಇಯತ್ತೆಯಲ್ಲಿದ್ದಾಗ ಮಳೆ ಕೈಕೊಟ್ಟಿತು, ಸಾಲ ಏರಿತು, ಅಪ್ಪ-ಅವ್ವ ಗೋವಾಕ್ಕೆ ಗುಳೆ ಹೋದರು. ಸಾಲಿ ತಪ್ಪಬಾರದೆಂದು ನನ್ನನ್ನು ಕಾಕಾನ ಮನೆಯಲ್ಲಿ ಬಿಟ್ಟರು. ನಾಲ್ಕು ವರ್ಷ ಅಲ್ಲಿದ್ದೆ. ಕಾಕಾ ಸಣ್ಣಸಣ್ಣದಕ್ಕೂ ಬಾರುಕೋಲು ತೆಗೆದುಕೊಳ್ಳುತ್ತಿದ್ದ. ಅವರ ಮಕ್ಕಳೆಲ್ಲ ಉಂಡ ಮೇಲೆ ನನಗೆ ರೊಟ್ಟಿ. ಒಂದು ವರ್ಷ ಪಂಚಮಿಗೆ ಅವ್ವ ಬಂದಾಗ ನಾನು ಅವಳ ಹತ್ತಿರ ಹೋಗದೆ ಪಡಸಾಲೆಯ ಕಂಬದ ಹಿಂದೆ ನಿಂತುಬಿಟ್ಟೆ. ಅವಳು ತಂದ ಅಂಗಿ ಮುಟ್ಟಲಿಲ್ಲ. ಅವಳು ಅತ್ತಳು. ಅದು ಇವತ್ತಿಗೂ ಚುಚ್ಚುತ್ತದೆ.

ಈಗ ನನ್ನ ಮಗಳಿಗೆ ಏಳು ವರ್ಷ. ತಿಂಗಳ ಹಿಂದೆ ಅವಳು ಹಾಲಿನ ಲೋಟ ಚೆಲ್ಲಿದಳು. ನಾನು ಒದರಿದ ರೀತಿಗೆ ಮೂಲೆಗೆ ಸರಿದು ಎರಡೂ ಕೈಯಿಂದ ತಲೆ ಮುಚ್ಚಿಕೊಂಡಳು. ನಾನು ಅವಳಿಗೆ ಎಂದೂ ಹೊಡೆದಿಲ್ಲ. ಆದರೆ ಆ ಧ್ವನಿ ಕಾಕಾನದು. ಗೆಳೆಯನ ಮಾತು ಕೇಳಿ ಎರಡು ದಿನದ ‘ಇನ್ನರ್ ಚೈಲ್ಡ್ ಹೀಲಿಂಗ್’ (ಒಳಗಿನ ಮಗುವಿನ ಗಾಯ ಮಾಯಿಸುವ) ಶಿಬಿರಕ್ಕೆ ಹೋದೆ. ಕಣ್ಣು ಮುಚ್ಚಿಸಿ ಬಾಲ್ಯದ ಅತಿ ಕೆಟ್ಟ ದಿನ ನೆನೆಯಲು ಹೇಳಿದರು. ಅಷ್ಟು ಜನರ ನಡುವೆ ಬಿಕ್ಕಿಬಿಕ್ಕಿ ಅತ್ತೆ. ಕೊನೆಗೆ ‘ಕಾಕಾ, ನಿನ್ನನ್ನು ಕ್ಷಮಿಸಿದೆ’ ಎಂದು ಜೋರಾಗಿ ಹೇಳಿಸಿದರು. ‘ಮನೆಗೆ ಹೋಗಿ ತಾಯಿಯನ್ನು ನೇರವಾಗಿ ಕೇಳಿ, ನಿಮ್ಮೊಳಗೆ ಇನ್ನೂ ಹೂತ ನೆನಪುಗಳಿವೆ, ಮುಂದಿನ ಹಂತದಲ್ಲಿ ತೆಗೆಯೋಣ’ ಎಂದರು. ಬಂದಾಗಿನಿಂದ ನಿದ್ದೆ ಇಲ್ಲ, ಎದೆ ಡವಡವ ಹೊಡೆದುಕೊಳ್ಳುತ್ತದೆ, ಆಫೀಸಿನಲ್ಲಿ ಕೂತಲ್ಲೇ ಬಾರುಕೋಲಿನ ಸಪ್ಪಳ ಕೇಳಿದಂತಾಗುತ್ತದೆ. ಹೆಂಡತಿ ‘ಸಣ್ಣವರಿದ್ದಾಗ ಯಾರು ಹೊಡ್ತ ತಿಂದಿಲ್ಲರೀ, ಬಿಟ್ಟಬಿಡ್ರಿ’ ಅಂತಾಳೆ. ಇದೆಲ್ಲ ನಿಜವೋ ಭ್ರಮೆಯೋ? ಮುಂದಿನ ಹಂತಕ್ಕೆ ಹೋಗಲೇ? ಗುಳಿಗೆ ಬೇಕೇ? ಅವ್ವನಿಗೆ ಈಗ 66. ಅವಳನ್ನು ಕೇಳಲೇ?

ಉತ್ತರ: ನಿಮ್ಮ ಪ್ರಶ್ನೆಗಳಲ್ಲಿ ಒಂದಕ್ಕೆ ಮೊದಲೇ ಉತ್ತರ ಹೇಳುತ್ತೇನೆ, ಅದು ಕಾಯುವಂಥದ್ದಲ್ಲ. ಶಿಬಿರದ ಮುಂದಿನ ಹಂತಕ್ಕೆ ಹೋಗಬೇಡಿ. ಹಣ ಕಟ್ಟಿದ್ದರೂ ಹೋಗಬೇಡಿ. ನಿದ್ದೆ ಕೆಟ್ಟದ್ದು, ಎದೆ ಹೊಡೆದುಕೊಳ್ಳುವುದು, ಇಲ್ಲದ ಸಪ್ಪಳ ಕೇಳುವುದು ಇವನ್ನೆಲ್ಲ ‘ಒಳಗಿನದು ಹೊರಗೆ ಬರುತ್ತಿದೆ, ಒಳ್ಳೆಯದೇ’ ಎಂದು ಯಾರಾದರೂ ಸಮಾಧಾನ ಹೇಳಿದರೆ ಒಪ್ಪಿಕೊಳ್ಳಬೇಡಿ. ನೀವು ತಾಳಬಲ್ಲದ್ದಕ್ಕಿಂತ ಹೆಚ್ಚಿನದನ್ನು ಒಮ್ಮೆಲೇ ಕೆದಕಿದ್ದರಿಂದ ಹೀಗಾಗಿದೆ. ಸರಿಯಾದ ಆರೈಕೆ ಸಿಕ್ಕರೆ ಇದು ಇಳಿಯುತ್ತದೆ. ನಿಮಗೆ ಹುಚ್ಚು ಹಿಡಿಯುತ್ತಿಲ್ಲ.

ಪತ್ರದಲ್ಲಿ ನನಗೆ ಎರಡು ಆತಂಕ ಕಂಡವು. ಒಂದು ಎದ್ದು ಕಾಣುತ್ತದೆ: ಕಾಕಾನ ಸಿಟ್ಟು ನನ್ನೊಳಗೂ ಬಂದಿದೆಯೇ, ಮಗಳಿಗೂ ಅದೇ ಬಾಲ್ಯ ಕೊಡುತ್ತೇನೆಯೇ ಎನ್ನುವುದು. ಇನ್ನೊಂದನ್ನು ನೀವು ನಾಲ್ಕು ಚಿಕ್ಕ ಮಾತಿನಲ್ಲಿ ಹೇಳಿ ಮುಂದೆ ಸರಿದಿದ್ದೀರಿ. ಕಂಬದ ಹಿಂದೆ ನಿಂತು ಅವ್ವನನ್ನು ಅಳಿಸಿದ ಹುಡುಗ ಕೆಟ್ಟವನಾಗಿದ್ದನೇ? ಇಷ್ಟು ವರ್ಷ ಈ ಕೆಲಸ ಮಾಡಿದ ಮೇಲೆ ನನಗನ್ನಿಸುವುದು, ನಿಮ್ಮ ಗಾಯದ ಆಳ ಇರುವುದು ಬಾರುಕೋಲಿನಲ್ಲಿ ಎಷ್ಟೋ ಅದಕ್ಕಿಂತ ಹೆಚ್ಚಾಗಿ ಆ ಕಂಬದ ಹಿಂದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

1950ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಅನೇಕ ಆಸ್ಪತ್ರೆಗಳಲ್ಲಿ ಮಕ್ಕಳನ್ನು ದಾಖಲು ಮಾಡಿದರೆ ತಾಯಿ-ತಂದೆಗೆ ಬಂದು ನೋಡಲು ಸಿಗುತ್ತಿದ್ದ ಹೊತ್ತು ಬಹಳ ಕಡಿಮೆ. ಅಲ್ಲಿನ ಪುಟ್ಟ ಮಕ್ಕಳನ್ನು ಜೇಮ್ಸ್ ರಾಬರ್ಟ್‌ಸನ್ ಎಂಬವರು ಪಕ್ಕದಲ್ಲೇ ಕೂತು ಗಮನಿಸಿದರು. ಮನೋವೈದ್ಯ ಜಾನ್ ಬೌಲ್ಬಿ ಅವರ ಜೊತೆ ಸೇರಿ ಅದನ್ನು ವಿವರಿಸಿದರು. ಅಗಲಿದ ಮಗು ಮೊದಲು ರಂಪ ಮಾಡುತ್ತದೆ, ಬಾಗಿಲ ಕಡೆ ನೋಡುತ್ತದೆ, ಅಳುತ್ತದೆ. ಆಮೇಲೆ ಮಂಕಾಗುತ್ತದೆ. ಕೊನೆಗೆ ಸುಮ್ಮನಾಗಿ ಉಣ್ಣುತ್ತದೆ, ಆಡುತ್ತದೆ. ದಾದಿಯರು ‘ಈಗ ಹೊಂದಿಕೊಂಡಿತು’ ಅನ್ನುತ್ತಿದ್ದರು. ಆದರೆ ತಾಯಿ ಬಂದ ದಿನ ಆ ಮಗು ಮುಖ ತಿರುಗಿಸುತ್ತಿತ್ತು, ಗುರುತೇ ಇಲ್ಲವೆಂಬಂತೆ. ಪ್ರೀತಿ ಸತ್ತು ಹೋದದ್ದರಿಂದ ಅಲ್ಲ. ಮತ್ತೆ ಹತ್ತಿರ ಹೋದರೆ ಮತ್ತೆ ಅಗಲಬೇಕು, ಆ ನೋವನ್ನು ಇನ್ನೊಮ್ಮೆ ತಾಳಲು ಆಗದೆ ಮಗುವಿನ ಮನಸ್ಸು ಬಾಗಿಲು ಹಾಕಿಕೊಂಡಿರುತ್ತದೆ. ರಾಬರ್ಟ್‌ಸನ್ ನೋಡಿದ ಮಕ್ಕಳು ಹೆಚ್ಚಾಗಿ ಮೂರು ವರ್ಷದೊಳಗಿನವರು. ಆದರೆ ಏಳೆಂಟು ವರ್ಷದವರಲ್ಲೂ ಇದೇ ನಡವಳಿಕೆಯ ಇನ್ನೊಂದು ರೂಪವನ್ನು ನಾನು ಮತ್ತೆ ಮತ್ತೆ ಕೇಳಿದ್ದೇನೆ. ಗುಳೆ ಹೋದವರ ಮಕ್ಕಳು, ಅಜ್ಜಿಯ ಮನೆಯಲ್ಲಿ, ಮಾಮಾನ ಮನೆಯಲ್ಲಿ, ಹಾಸ್ಟೆಲಿನಲ್ಲಿ ಬೆಳೆದವರು ಎದುರು ಕೂತು ಹೇಳುವ ಮಾತು ಬಹುತೇಕ ಒಂದೇ: ‘ಅವ್ವ ಬಂದ್ಲು, ನಾ ಹೋಗ್ಲಿಲ್ಲ.’

ಎರಡನೇ ಇಯತ್ತೆಯ ಹುಡುಗ ಅವ್ವನಿಗೆ ನೋಯಿಸಬೇಕೆಂದು ಕಂಬದ ಹಿಂದೆ ನಿಲ್ಲಲಿಲ್ಲ. ಹಬ್ಬ ಮುಗಿದು ಅವಳು ಬಸ್ ಹತ್ತುವ ದಿನ ಅವನಿಗೆ ಮೊದಲೇ ಕಾಣುತ್ತಿತ್ತು. ಅವನು ತನ್ನನ್ನು ಉಳಿಸಿಕೊಳ್ಳಲು ತನಗೆ ತಿಳಿದದ್ದನ್ನು ಮಾಡಿದ. ಇದನ್ನು ನೀವು ತಲೆಯಿಂದ ಒಪ್ಪಿದರೂ ಎದೆ ಇನ್ನೂ ಒಪ್ಪುವುದಿಲ್ಲ, ನನಗೆ ಗೊತ್ತು. ಎದೆಯನ್ನು ಒಪ್ಪಿಸುವ ಕೆಲಸವನ್ನೇ ಜನ ಇನ್ನರ್ ಚೈಲ್ಡ್ ವರ್ಕ್ ಎಂದು ಕರೆಯುತ್ತಿರುವುದು.

ಈಗ ನಿಮ್ಮ ಮನೆಯವರ ಮಾತು. ಅವರು ಹೇಳುವುದರಲ್ಲಿ ಅರ್ಧ ನಿಜವಿದೆ. ನಮ್ಮ ಕಡೆ ಒಂದು ತಲೆಮಾರಿನವರು ಹೊಡೆತ ತಿನ್ನದೇ ಬೆಳೆದದ್ದು ಅಪರೂಪ, ಅವರೆಲ್ಲ ಮುರಿದು ಕೂತಿಲ್ಲ. ಆದರೆ ಹೊಡೆತ ಬಿದ್ದಾದ ಮೇಲೆ ಏನಾಯಿತು ಎನ್ನುವುದು ಬಹಳ ಮುಖ್ಯ. ಅಜ್ಜಿ ಬಾಸುಂಡೆಗೆ ಎಣ್ಣೆ ಹಚ್ಚಿದಳೇ, ಅಪ್ಪನೇ ರಾತ್ರಿ ಬಂದು ತಲೆ ಸವರಿದನೇ, ‘ಅವ ಹಂಗ ಹೊಡೀಬಾರದಿತ್ತು’ ಎಂದು ಯಾರಾದರೂ ಒಬ್ಬರು ಅಂದರೇ? ಅಂಥ ಒಬ್ಬ ದೊಡ್ಡವರಿದ್ದರೆ ಮಗು ಬಹಳಷ್ಟನ್ನು ತಾಳಿಕೊಳ್ಳುತ್ತದೆ. ನಿಮಗೆ ಆ ಮನೆಯಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಉಂಡ ಮೇಲೆ ಬರುವ ರೊಟ್ಟಿ ದಿನಕ್ಕೆರಡು ಸಲ ‘ನೀನು ನಮ್ಮವನಲ್ಲ’ ಎಂದು ಹೇಳುತ್ತಿತ್ತು. ಇಂಥ ಮನೆಯಲ್ಲಿ ಮಗು ‘ದೊಡ್ಡವರು ತಪ್ಪು ಮಾಡುತ್ತಿದ್ದಾರೆ’ ಎಂದು ಯೋಚಿಸುವುದಿಲ್ಲ, ಯಾಕೆಂದರೆ ಅನ್ನಕ್ಕೂ ನೆಳಲಿಗೂ ಅವರನ್ನೇ ನಂಬಿರುತ್ತದೆ. ‘ನಾನೇ ಸರಿ ಇಲ್ಲ’ ಎಂದು ತೀರ್ಮಾನಿಸುತ್ತದೆ. ಆ ತೀರ್ಮಾನ ಮೂವತ್ತು ವರ್ಷ ಒಳಗೇ ಉಳಿಯಬಲ್ಲದು.

ಇದರ ವಿರುದ್ಧ ತುದಿಯ ತಪ್ಪು ತಿಳಿವಳಿಕೆಯೂ ಇದೆ. ಮೊಬೈಲಿನಲ್ಲಿ ಓಡಾಡುವ ವಿಡಿಯೋಗಳಲ್ಲಿ ಬೆನ್ನುನೋವು, ಸಾಲ, ಜಗಳ ಎಲ್ಲಕ್ಕೂ ಬಾಲ್ಯವೇ ಕಾರಣ. 1998ರಲ್ಲಿ ಅಮೆರಿಕದ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ಮೊದಲಾದವರು ಸ್ಯಾನ್ ಡಿಯಾಗೋದಲ್ಲಿ 9,000ಕ್ಕೂ ಹೆಚ್ಚು ವಯಸ್ಕರ ಉತ್ತರಗಳನ್ನು ಆಧರಿಸಿ ಒಂದು ಅಧ್ಯಯನ ಪ್ರಕಟಿಸಿದರು. ಬಾಲ್ಯದಲ್ಲಿ ಹಿಂಸೆ, ಮನೆಯ ಕಲಹ ಹೆಚ್ಚಿದ್ದಷ್ಟೂ ಮುಂದೆ ಖಿನ್ನತೆ, ಕುಡಿತ, ಹೃದಯದ ಕಾಯಿಲೆಗಳ ಸಾಧ್ಯತೆಯೂ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ ಎಂದು ಅದು ತೋರಿಸಿತು. ಮಹತ್ವದ ಕೆಲಸವೇ. ಆದರೆ ಅದು ಹೇಳುವುದು ಸಾವಿರಾರು ಜನರ ಗುಂಪಿನ ಬಗ್ಗೆ. ಒಬ್ಬ ಮನುಷ್ಯನ ಹಣೆಬರಹ ಅದರಲ್ಲಿ ಇಲ್ಲ. ಆ ಪ್ರಶ್ನೆಪಟ್ಟಿ ತುಂಬಿ ಬಂದ ಅಂಕಿ ನೋಡಿ ನಿದ್ದೆಗೆಟ್ಟು ಬಂದವರಿದ್ದಾರೆ. ದಯವಿಟ್ಟು ನೀವು ಅದನ್ನು ಮಾಡಬೇಡಿ.

ಹಾಗಾದರೆ ಈ ಒಳಗಿನ ಮಗು ನಿಜವೇ? ಅದು ಮಿದುಳಿನಲ್ಲಿ ತೋರಿಸಬಹುದಾದ ಜಾಗವಲ್ಲ, ರೋಗದ ಹೆಸರೂ ಅಲ್ಲ. ಮಾತಾಡಲು ಅನುಕೂಲವಾದ ಒಂದು ಚಿತ್ರ. ಮನೋವೈದ್ಯ ಕಾರ್ಲ್ ಯುಂಗ್ ಮಗುವಿನ ಪ್ರತಿಮೆಯ ಬಗ್ಗೆ ಬರೆದರು. ಇನ್ನೊಬ್ಬ ಮನೋವೈದ್ಯ ಎರಿಕ್ ಬರ್ನ್ ನಮ್ಮೆಲ್ಲರೊಳಗೆ ಪಾಲಕ, ವಯಸ್ಕ, ಮಗು ಎಂಬ ಮೂರು ನಿಲುವುಗಳಿವೆ ಎಂದರು. ಜೆಫ್ರಿ ಯಂಗ್ ರೂಪಿಸಿದ ಸ್ಕೀಮಾ ಥೆರಪಿಯಲ್ಲಿ ನೊಂದ ಮಗುವಿನ ಸ್ಥಿತಿಯೊಂದಿಗೆ ಕೆಲಸ ಮಾಡುವುದೇ ಚಿಕಿತ್ಸೆಯ ನಡುಭಾಗ. ಚಿತ್ರ ಬೇರೆಬೇರೆ, ಅದರ ಕೆಳಗಿರುವ ಸಂಗತಿ ಮಾತ್ರ ಗಟ್ಟಿ. ಭಯದಲ್ಲಿ ಕಲಿತದ್ದನ್ನು ಮಿದುಳು ಬೇರೆ ರೀತಿ ಇಟ್ಟುಕೊಳ್ಳುತ್ತದೆ. ಅಮಿಗ್ಡಲಾ ಎಂಬ ಸಣ್ಣ ಭಾಗ ಅಪಾಯದ ಗುರುತುಗಳನ್ನು ಹಿಡಿದಿಡುತ್ತದೆ: ಏರಿದ ಧ್ವನಿ, ನೆಲಕ್ಕೆ ಬಿದ್ದ ಪಾತ್ರೆಯ ಸದ್ದು, ಚೆಲ್ಲಿದ ಹಾಲು. ‘ಇದು ಯಾವಾಗ, ಎಲ್ಲಿ ಆದದ್ದು’ ಎಂದು ಸಂದರ್ಭ ಜೋಡಿಸುವ ಹಿಪ್ಪೋಕ್ಯಾಂಪಸ್ ತೀವ್ರ ಭಯದ ಹೊತ್ತಿನಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದಕ್ಕೇ ಹಳೆಯ ಭಯ ಮರಳಿ ಬಂದಾಗ ಅದು ನೆನಪಿನಂತೆ ಅನ್ನಿಸುವುದಿಲ್ಲ, ಈಗಲೇ ಆಗುತ್ತಿರುವಂತೆ ಅನ್ನಿಸುತ್ತದೆ.

ಲೋಟ ಬಿದ್ದ ಆ ಕ್ಷಣ ನಿಮ್ಮ ಮೈಯಲ್ಲಿ ಆದದ್ದು ಇದೇ ಎಂದು ನನ್ನ ಅಂದಾಜು. ಮಗಳ ವಯಸ್ಸೂ ನೀವು ಆಗ ಇದ್ದ ವಯಸ್ಸೂ ಒಂದೇ ಆಗಿರುವುದು ಕಾಕತಾಳೀಯವಲ್ಲ. ಮಗು ನಮಗೆ ಪೆಟ್ಟಾದ ವಯಸ್ಸಿಗೆ ಬಂದಾಗ ತಾಯಿ-ತಂದೆಯ ಹಳೆಯದು ಏಳುವುದನ್ನು ನಾವು ಆಗಾಗ ನೋಡುತ್ತೇವೆ. ಹಾಲು ಚೆಲ್ಲಿದರೆ ಬಾರುಕೋಲು ಎಂದು ನಿಮ್ಮೊಳಗಿನ ಹುಡುಗ ಕಲಿತಿದ್ದ. ಸದ್ದು ಕೇಳಿ ಅವನು ಹೆದರಿದ. ಆ ಹೆದರಿಕೆ ಗಂಡಸಿನ ಬಾಯಿಂದ ಹೊರಬರುವಾಗ ಸಿಟ್ಟಾಗಿ ಬಂತು. ಧ್ವನಿ ಕಾಕಾನದೇ ಯಾಕೆ ಬಂತೆಂದರೆ, ಆ ಮನೆಯಲ್ಲಿ ದೊಡ್ಡವರು ಮಾತಾಡುವುದನ್ನು ನೀವು ಕಲಿತದ್ದು ಅವನಿಂದ. ಆದರೆ ಕಾಕಾ ಬಾರುಕೋಲು ಇಟ್ಟು ಮಲಗಿಬಿಡುತ್ತಿದ್ದ, ನೀವು ತಿಂಗಳಾದರೂ ಮಲಗಿಲ್ಲ. ನಿಮ್ಮ ಮೊದಲ ಆತಂಕಕ್ಕೆ ನನ್ನ ಉತ್ತರ ಅದೇ.

ಶಿಬಿರದಲ್ಲಿ ಎಡವಿದ್ದು ಎಲ್ಲಿ? ನೀವು ರೈತರ ಮನೆಯವರು, ಹೀಗೆ ಹೇಳಿದರೆ ಬೇಗ ತಿಳಿಯುತ್ತದೆ. ಎರೆಭೂಮಿ ಹದಕ್ಕೆ ಬರುವ ಮುನ್ನ ಯಾರೂ ಕುಂಟೆ ಹೊಡೆಯುವುದಿಲ್ಲ. ಹಸಿ ಇದ್ದಾಗ ಹೊಡೆದರೆ ಕಾಲು ಹೂತು ಎತ್ತು ಸೋಲುತ್ತದೆ, ಒಣಗಿದಾಗ ಹೊಡೆದರೆ ಹೆಂಟೆ ಏಳುತ್ತದೆ. ನೋವಿನ ನೆನಪಿಗೂ ಹದ ಇದೆ. ತೀರಾ ಹೆದರಿ ಮೈ ನಡುಗುವಾಗ ಮನಸ್ಸು ಹೊಸದೇನನ್ನೂ ಕಲಿಯುವುದಿಲ್ಲ, ಹಳೆಯ ಭಯವನ್ನೇ ಮತ್ತೊಮ್ಮೆ ಗಟ್ಟಿ ಮಾಡಿಕೊಳ್ಳುತ್ತದೆ. ತೀರಾ ಮರಗಟ್ಟಿ ಏನೂ ಅನ್ನಿಸದಿದ್ದಾಗಲೂ ಕಲಿಯುವುದಿಲ್ಲ. ನೋವು ತಾಗಬೇಕು, ಆದರೆ ಈ ಕೋಣೆ, ಈ ಕುರ್ಚಿ, ಎದುರಿಗಿರುವ ಮನುಷ್ಯ ಕಾಣಿಸುತ್ತಿರಬೇಕು. ನಿಮ್ಮನ್ನು ಮೊದಲ ಬಾರಿಗೆ ನೋಡಿದವರು, ನಿಮ್ಮ ನಿದ್ದೆ, ಕುಡಿತ, ಆತ್ಮಹತ್ಯೆಯ ಯೋಚನೆ ಯಾವುದನ್ನೂ ವಿಚಾರಿಸದೆ, ಕಣ್ಣು ಮುಚ್ಚಿಸಿ, ಅತಿ ಕೆಟ್ಟ ದಿನದಿಂದಲೇ ಶುರು ಮಾಡಿದರು. ಹದ ನೋಡಲೇ ಇಲ್ಲ. ಅತ್ತ ಮೇಲೆ ಹಗುರ ಅನ್ನಿಸಿರಬಹುದು, ಅದು ಸುಳ್ಳಲ್ಲ. ಆದರೆ ಅತ್ತದ್ದು ಬೇರೆ, ಗಾಯ ಮಾಯುವುದು ಬೇರೆ.

‘ಹೂತ ನೆನಪು ತೆಗೆಯೋಣ’ ಎಂಬ ಮಾತಂತೂ ನನಗೆ ಭಯ ಹುಟ್ಟಿಸುತ್ತದೆ. ನೆನಪು ಕಪಾಟಿನಲ್ಲಿ ಇಟ್ಟ ಫೈಲಿನಂತೆ ಹಾಗೇ ಇರುವುದಿಲ್ಲ, ತೆಗೆದಾಗಲೆಲ್ಲ ಸ್ವಲ್ಪ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ ಅವರು 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 24 ಜನರಿಗೆ ‘ನೀವು ಚಿಕ್ಕವರಿದ್ದಾಗ ದೊಡ್ಡ ಅಂಗಡಿ ಸಂಕೀರ್ಣದಲ್ಲಿ ಕಳೆದುಹೋಗಿದ್ದಿರಿ’ ಎಂದು ನಡೆಯದ ಘಟನೆಯನ್ನು ಮನೆಯವರು ಹೇಳಿದಂತೆ ನಂಬಿಸಿದಾಗ, ಕಾಲು ಭಾಗದಷ್ಟು ಜನ ಅದನ್ನು ಪೂರ್ತಿಯಾಗಿಯೋ ಅರ್ಧಂಬರ್ಧವೋ ‘ನೆನಪಿಸಿಕೊಂಡರು’. ಹಾಗೆಂದು ನಿಮಗೆ ಮೊದಲಿನಿಂದ ನೆನಪಿರುವುದು ಸುಳ್ಳು ಎಂದರ್ಥವಲ್ಲ. ಬಾರುಕೋಲು, ತಡವಾದ ರೊಟ್ಟಿ, ಕಂಬ ಇವು ಶಿಬಿರಕ್ಕೆ ಮುನ್ನವೂ ನಿಮ್ಮ ಜೊತೆ ಇದ್ದವು. ಆದರೆ ಸಮ್ಮೋಹನ, ಪೂರ್ವಜನ್ಮ ಯಾನ, ‘ನಿಮ್ಮ ಮೈ ಹೇಳುತ್ತಿದೆ, ಇನ್ನೇನೋ ಆಗಿದೆ’ ಎನ್ನುವ ಸೂಚನೆಗಳ ಮೂಲಕ ಹುಡುಕಿ ತೆಗೆದ ನೆನಪನ್ನು ನೆಚ್ಚಿಕೊಳ್ಳಬೇಡಿ. ವಾಸಿಯಾಗಲು ಹೊಸ ನೆನಪು ಬೇಕಿಲ್ಲ, ಇರುವುದೇ ಸಾಕು.

ಕ್ಷಮೆಯ ವಿಷಯದಲ್ಲಿ ನನ್ನ ನಿಲುವು ಖಡಾಖಂಡಿತ. ಕ್ಷಮಿಸದಿದ್ದರೆ ವಾಸಿಯಾಗುವುದಿಲ್ಲ ಎಂಬುದು ನಿಜವಲ್ಲ. ಕೆಲವರು ಕೊನೆಗೆ ಕ್ಷಮಿಸುತ್ತಾರೆ, ಕೆಲವರು ಎಂದೂ ಕ್ಷಮಿಸದೆ ಚೆನ್ನಾಗಿ ಬದುಕುತ್ತಾರೆ. ಹೊಡೆಸಿಕೊಂಡ ಹುಡುಗನ ಬಾಯಿಂದ ಎರಡೇ ದಿನದಲ್ಲಿ ‘ಕ್ಷಮಿಸಿದೆ’ ಎಂದು ಹೇಳಿಸುವುದು, ಅವನ ಸಿಟ್ಟನ್ನು ಮತ್ತೊಮ್ಮೆ ಸುಮ್ಮನಿರಿಸಿದಂತೆ. ಆ ಮಾತು ನಿಮ್ಮದಲ್ಲ ಎಂದು ನೀವು ಬಿಟ್ಟುಬಿಡಬಹುದು.

ಸರಿಯಾಗಿ ಮಾಡಿದಾಗ ಈ ಕೆಲಸ ಹೇಗಿರುತ್ತದೆ ಎಂದು ತಿಳಿದರೆ ನಿಮಗೆ ಆರಿಸಿಕೊಳ್ಳಲು ಸುಲಭ. ಮೊದಲ ಕೆಲವು ಭೇಟಿಗಳಲ್ಲಿ ಬಾಲ್ಯವನ್ನು ಮುಟ್ಟುವುದೇ ಕಡಿಮೆ. ನಿದ್ದೆ ಸರಿಪಡಿಸುವುದು, ಎದೆ ಹೊಡೆದುಕೊಂಡಾಗ ಏನು ಮಾಡಬೇಕು ಎಂದು ಅಭ್ಯಾಸ ಮಾಡುವುದು, ಮನೆಯಲ್ಲಿ ಯಾರು ಜೊತೆಗಿದ್ದಾರೆ ಎಂದು ತಿಳಿಯುವುದು. ಆಮೇಲೆ ಇಮೇಜರಿ ರಿಸ್ಕ್ರಿಪ್ಟಿಂಗ್ ಎಂಬ ವಿಧಾನದಲ್ಲಿ ಒಂದು ನೆನಪಿಗೆ ಹೋಗುತ್ತೇವೆ. ಅದು ಹೀಗೆ ಸಾಗುತ್ತದೆ: ಹುಡುಗ ಪಡಸಾಲೆಯಲ್ಲಿ ನಿಂತಿದ್ದಾನೆ, ಕಾಕಾ ಬಾರುಕೋಲು ತೆಗೆದಿದ್ದಾನೆ. ಪೆಟ್ಟು ಬೀಳುವ ಮುನ್ನ ದೃಶ್ಯ ನಿಲ್ಲಿಸುತ್ತೇವೆ. ಈಗ 37 ವರ್ಷದ ನೀವು ಆ ಪಡಸಾಲೆಗೆ ಕಾಲಿಡುತ್ತೀರಿ. ಧೈರ್ಯ ಸಾಲದಿದ್ದರೆ ಮೊದಲ ಸಲ ಚಿಕಿತ್ಸಕರೇ ಒಳಗೆ ಬರುತ್ತಾರೆ. ಕಾಕಾನ ಕೈ ಹಿಡಿಯುತ್ತೀರಿ, ‘ಮುಟ್ಟಬ್ಯಾಡ ಅವನ್ನ’ ಅನ್ನುತ್ತೀರಿ. ಆಮೇಲೆ ಹುಡುಗನ ಕಡೆ ತಿರುಗಿ ಏನು ಬೇಕೆಂದು ಕೇಳುತ್ತೀರಿ. ಇಲ್ಲಿ ಹೊರಡುವ ಉತ್ತರಗಳು ನನ್ನನ್ನು ಇಂದಿಗೂ ಕಲಕುತ್ತವೆ. ದೊಡ್ಡದೇನನ್ನೂ ಯಾರೂ ಕೇಳುವುದಿಲ್ಲ. ಬಿಸಿ ರೊಟ್ಟಿ ಬೇಕು ಅನ್ನುತ್ತಾರೆ, ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋಗು ಅನ್ನುತ್ತಾರೆ, ಸುಮ್ಮನೆ ಪಕ್ಕದಲ್ಲಿ ಕೂತ್ಕೋ ಅನ್ನುತ್ತಾರೆ. ನಡೆದದ್ದು ಬದಲಾಗುವುದಿಲ್ಲ, ಹೊಡೆತ ಬಿದ್ದೇ ಇತ್ತು ಎಂದು ನಿಮಗೆ ಗೊತ್ತಿರುತ್ತದೆ. ‘ನಾನೇ ಸರಿ ಇಲ್ಲ’ ಎಂಬ ಹಳೆಯ ತೀರ್ಮಾನ ಮಾತ್ರ ಸಡಿಲಾಗುತ್ತದೆ.

ಇದಕ್ಕೆ ಆಧಾರವೂ ಇದೆ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆಸ್ಟ್ರೇಲಿಯಾ, ಜರ್ಮನಿ, ನೆದರ್‌ಲ್ಯಾಂಡ್ಸ್‌ನ 155 ಜನರಿಗೆ, ಎಲ್ಲರೂ ಬಾಲ್ಯದ ಆಘಾತದಿಂದ ಪಿಟಿಎಸ್‌ಡಿ (ಹಳೆಯ ಆಘಾತ ಮರುಕಳಿಸಿ ಕಾಡುವ ಕಾಯಿಲೆ) ಆದವರು, ಕೆಲವರಿಗೆ ಈ ವಿಧಾನ, ಉಳಿದವರಿಗೆ ಇಎಂಡಿಆರ್ ಎಂಬ ಇನ್ನೊಂದು ವಿಧಾನ ಕೊಟ್ಟರು. ಹೆಚ್ಚೆಂದರೆ 12 ಭೇಟಿ. ಎರಡೂ ಗುಂಪಿನವರಲ್ಲಿ ಒಳ್ಳೆಯ ಸುಧಾರಣೆ ಕಂಡಿತು. ಇಎಂಡಿಆರ್‌ನಲ್ಲಿ ನೆನಪನ್ನು ಮನಸ್ಸಿನಲ್ಲಿ ಹಿಡಿದುಕೊಂಡೇ ಚಿಕಿತ್ಸಕರ ಬೆರಳಿನ ಅತ್ತಿತ್ತ ಚಲನೆಯನ್ನು ಕಣ್ಣಿನಿಂದ ಹಿಂಬಾಲಿಸಬೇಕು. ಫ್ರಾನ್ಸಿನ್ ಶಪೀರೋ 1980ರ ದಶಕದ ಕೊನೆಯಲ್ಲಿ ರೂಪಿಸಿದ್ದು. ಆಘಾತಕ್ಕೆಂದೇ ರೂಪಿಸಿದ ಸಿಬಿಟಿ (ಯೋಚನೆ, ನಡವಳಿಕೆಗಳನ್ನು ತಿದ್ದಿಕೊಳ್ಳುವ ಮಾತಿನ ಚಿಕಿತ್ಸೆ) ಮತ್ತು ಇಎಂಡಿಆರ್ ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2013ರ ತನ್ನ ಮಾರ್ಗಸೂಚಿಯಲ್ಲಿ ಪಿಟಿಎಸ್‌ಡಿಗೆ ಸೂಚಿಸಿದೆ. ನಿಮ್ಮ ಊರಿನಲ್ಲಿ ಇವುಗಳಲ್ಲಿ ಯಾವುದನ್ನು ಚೆನ್ನಾಗಿ ಬಲ್ಲವರು ಸಿಗುತ್ತಾರೋ ಅದನ್ನೇ ಆರಿಸಿಕೊಳ್ಳಿ. ಇವೆಲ್ಲಕ್ಕೂ ಒಂದು ಅಪಾಯ ಸಮಾನ: ಶುರುವಾದ ಕೆಲವು ವಾರ ಕನಸು, ಸಿಡಿಮಿಡಿ ಹೆಚ್ಚಬಹುದು. ಅದನ್ನು ಮೊದಲೇ ಹೇಳಿ, ವಾರ ವಾರ ವಿಚಾರಿಸುವವರು ಒಳ್ಳೆಯ ಚಿಕಿತ್ಸಕರು.

ನಿಮಗೆ ಪಿಟಿಎಸ್‌ಡಿ ಇದೆ ಎಂದು ಪತ್ರ ನೋಡಿ ಹೇಳಲಾರೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಾದ ಐಸಿಡಿ-11 ರಲ್ಲಿ ಕಾಂಪ್ಲೆಕ್ಸ್ ಪಿಟಿಎಸ್‌ಡಿ ಎಂಬ ಹೆಸರೂ ಸೇರಿದೆ. ಆಘಾತದ ಮರುಕಳಿಕೆಯ ಜೊತೆ ಸಿಟ್ಟು-ದುಃಖ ಹತೋಟಿಗೆ ಬಾರದಿರುವುದು, ತಾನು ಬೆಲೆಯಿಲ್ಲದವನು ಎಂಬ ಭಾವ, ಹತ್ತಿರದವರ ಜೊತೆ ಬೆರೆಯುವ ಕಷ್ಟ ಅದರಲ್ಲಿ ಬರುತ್ತವೆ. ಅದು ಹೌದೋ ಅಲ್ಲವೋ ಎಂದು ಎದುರು ಕೂತು ಕೇಳಿಯೇ ನಿರ್ಧರಿಸಬೇಕು.

ಗುಳಿಗೆಯ ಮಾತು. ಖಿನ್ನತೆ, ಆತಂಕಕ್ಕೆ ಕೊಡುವ ಸರ್ಟ್ರಾಲಿನ್‌ನಂಥ ಔಷಧಿಗಳು ಬಾಲ್ಯದ ಗಾಯವನ್ನು ಮಾಯಿಸುವುದಿಲ್ಲ, ಆದರೆ ನಿದ್ದೆ, ಆತಂಕ, ಖಿನ್ನತೆ ತೀವ್ರವಾಗಿದ್ದರೆ ಚಿಕಿತ್ಸೆಗೆ ಕೂರುವಷ್ಟು ಬಲ ಕೊಡುತ್ತವೆ. ಪರಿಣಾಮ ಕಾಣಲು ಕೆಲವು ವಾರ ಬೇಕು. ಚಟ ಹಿಡಿಸುವುದಿಲ್ಲ, ಆದರೂ ಒಮ್ಮೆಲೇ ಬಿಡದೆ ವೈದ್ಯರು ಹೇಳಿದಂತೆ ಇಳಿಸಬೇಕು. ನನ್ನ ನಿಜವಾದ ಕಾಳಜಿ ಬೇರೆ ಗುಳಿಗೆಗಳ ಬಗ್ಗೆ. ನಿದ್ದೆಗೆಂದು ಪರಿಚಯದ ಮೆಡಿಕಲ್ ಶಾಪಿನಿಂದ ಆಲ್ಪ್ರಜೋಲಾಂ ತಂದು ನುಂಗುವವರನ್ನು ಬಹಳ ನೋಡಿದ್ದೇನೆ. ಅದು ಚಟವಾಗುತ್ತದೆ, ಆಘಾತದ ತೊಂದರೆಯನ್ನು ಕಳೆಯುವುದಿಲ್ಲ. ರಾತ್ರಿ ಎರಡು ಪೆಗ್ ಕೂಡ ಹಾಗೇ. ಔಷಧಿ ಬೇಕೋ ಬೇಡವೋ ಎಂದು ಹೇಳಬೇಕಾದವರು ಮನೋವೈದ್ಯರು. ನಾನು ಮನಶ್ಶಾಸ್ತ್ರಜ್ಞ, ಔಷಧಿ ಬರೆಯುವ ಅಧಿಕಾರ ನನಗಿಲ್ಲ.

ಎಲ್ಲಿಗೆ ಹೋಗಬೇಕು? ನಿಮಗೆ ಅರ್ಧ ಗಂಟೆಯ ದಾರಿಯಲ್ಲಿ ಧಾರವಾಡದ ಸರಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಅದರ ಹೆಸರೆತ್ತಿದರೆ ‘ಹುಚ್ಚರ ದವಾಖಾನಿ’ ಎಂದು ಹಿಂದೆ ಸರಿಯುವವರು ಇನ್ನೂ ಇದ್ದಾರೆ. 1845ರಲ್ಲಿ ಅದು ಶುರುವಾದದ್ದು ಹಾಗೆಯೇ, ಆದರೆ ಇವತ್ತು ಅಲ್ಲಿನ ಹೊರರೋಗಿ ವಿಭಾಗದ ಸಾಲಿನಲ್ಲಿ ಶಿಕ್ಷಕರು, ವಿದ್ಯಾರ್ಥಿಗಳು, ಬಾಣಂತಿಯರು, ಬ್ಯಾಂಕಿನವರು ಎಲ್ಲರೂ ನಿಲ್ಲುತ್ತಾರೆ. ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೂ (ಹಿಂದಿನ ಕಿಮ್ಸ್, ಈಗ ಕೆಎಂಸಿಆರ್‌ಐ), ಗದಗಿನ ಜಿಮ್ಸ್‌ನಲ್ಲೂ ಮನೋವೈದ್ಯಕೀಯ ವಿಭಾಗ ಇದೆ. ಸರಕಾರಿ ಆಸ್ಪತ್ರೆಯಲ್ಲಿ ಖರ್ಚು ಕಡಿಮೆ, ಕಷ್ಟವೆಂದರೆ ಗದ್ದಲ, ಒಬ್ಬರಿಗೆ ಸಿಗುವ ಸಮಯ ಕಡಿಮೆ. ಖಾಸಗಿಯಲ್ಲಿ ಸಮಯ ಸಿಗುತ್ತದೆ, ಆದರೆ ‘ಕೌನ್ಸೆಲರ್’, ‘ಹೀಲರ್’ ಎಂಬ ಬೋರ್ಡನ್ನು ಯಾರು ಬೇಕಾದರೂ ಹಾಕಿಕೊಳ್ಳುತ್ತಾರೆ ಎಂಬುದು ನೆನಪಿರಲಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರುತ್ತದೆ, ಅದನ್ನು ಕೇಳಲು ಸಂಕೋಚ ಬೇಡ. ಆಘಾತದ ಚಿಕಿತ್ಸೆಯಲ್ಲಿ ಯಾವ ತರಬೇತಿ ಆಗಿದೆ, ನನಗೆ ತಡೆಯಲಾಗದಿದ್ದರೆ ನಡುವೆ ನಿಲ್ಲಿಸಬಹುದೇ, ಭೇಟಿಗಳ ನಡುವೆ ತೊಂದರೆಯಾದರೆ ಯಾರಿಗೆ ಫೋನ್ ಮಾಡಲಿ ಎಂದು ಕೇಳಿ. ಮೊದಲ ದಿನವೇ ಪ್ಯಾಕೇಜ್ ಮಾರುವವರಿಂದ, ಇಂತಿಷ್ಟು ದಿನದಲ್ಲಿ ಗ್ಯಾರಂಟಿ ಅನ್ನುವವರಿಂದ ದೂರ ಇರಿ. ನಿಮ್ಮ ಮಾತಿನಲ್ಲೇ, ನಮ್ಮ ಕಡೆಯ ಕನ್ನಡದಲ್ಲೇ ಅಳಲು ಆಗುವವರು ಸಿಕ್ಕರೆ ಇನ್ನೂ ಒಳ್ಳೆಯದು. ಬಾಲ್ಯದ ನೋವು ಇಂಗ್ಲಿಷಿನಲ್ಲಿ ಹೇಳಿದಾಗ ಬಹಳ ಸಲ ದೂರದಲ್ಲೇ ನಿಲ್ಲುತ್ತದೆ.

ಯಾರಿಗೆ ಗೊತ್ತಾಗುತ್ತದೋ ಎಂಬ ಚಿಂತೆ ಇದ್ದರೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಮ್ಮ ವಿವರಗಳ ಗೌಪ್ಯತೆಯನ್ನು ಹಕ್ಕಾಗಿ ಕೊಟ್ಟಿದೆ. ಆಸ್ಪತ್ರೆಗೆ ಹೋಗುವ ಮೊದಲು ಯಾರ ಜೊತೆಗಾದರೂ ಮಾತಾಡಬೇಕೆನಿಸಿದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416, ಹಗಲು-ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಬದುಕುವುದೇ ಬೇಡ ಅನ್ನಿಸಿದರೆ, ಅಥವಾ ಮಗಳ ಮೇಲೆ ಕೈ ಎತ್ತಿಬಿಡುತ್ತೇನೆ ಎಂಬ ಭಯ ಬಂದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಸಿದ್ಧಾರೂಢ ಮಠದಲ್ಲಿ ಸ್ವಲ್ಪ ಹೊತ್ತು ಕೂತರೆ ಎದೆ ಹಗುರಾಗುತ್ತದೆ ಎನ್ನುವವರಿಗೆ ನಾನು ಯಾವತ್ತೂ ಬೇಡ ಎಂದಿಲ್ಲ, ಅದರ ಜೊತೆಗೇ ಚಿಕಿತ್ಸೆಯೂ ನಡೆಯಬಹುದು.

ಅಲ್ಲಿಯವರೆಗೆ ಮನೆಯಲ್ಲಿ ಏನು ಮಾಡಬಹುದು? ಸದ್ಯ ಹಳೆಯದನ್ನು ಬೇಕೆಂದೇ ನೆನೆಯಬೇಡಿ. ಶಿಬಿರದಲ್ಲಿ ಕೊಟ್ಟ ಧ್ಯಾನದ ಆಡಿಯೋ ಇದ್ದರೆ ಬದಿಗಿಡಿ. ಬಾರುಕೋಲಿನ ಸಪ್ಪಳ ಬಂದಾಗ ಕಣ್ಣು ತೆರೆದೇ ಇಡಿ, ಮುಚ್ಚಿದರೆ ಅದು ಜೋರಾಗುತ್ತದೆ. ಎರಡೂ ಪಾದ ನೆಲಕ್ಕೊತ್ತಿ, ಎದುರಿಗೆ ಕಾಣುವ ಐದು ವಸ್ತುಗಳ ಹೆಸರನ್ನು ಬಾಯಿಬಿಟ್ಟು ಹೇಳಿ, ಇವತ್ತಿನ ತಾರೀಖು ಹೇಳಿ, ನಿಮ್ಮ ವಯಸ್ಸು ಹೇಳಿ. ಉಸಿರು ಒಳಗೆ ತೆಗೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ದೀರ್ಘ ಉಸಿರಾಟದಿಂದ ಕೆಲವರಿಗೆ ಗಾಬರಿ ಹೆಚ್ಚುತ್ತದೆ, ನಿಮಗೂ ಹಾಗಾದರೆ ಬಿಟ್ಟು ತಣ್ಣೀರಲ್ಲಿ ಮುಖ ತೊಳೆಯಿರಿ. ನಿದ್ದೆ ಒಂದು ಹಂತಕ್ಕೆ ಬಂದ ಮೇಲೆ, ಹಗಲು ಹೊತ್ತಿನಲ್ಲಿ, ಹತ್ತು ನಿಮಿಷಕ್ಕೆ ಅಲಾರಾಂ ಇಟ್ಟು, ಆ ಹುಡುಗನಿಗೆ ನಾಲ್ಕು ಸಾಲು ಬರೆಯಬಹುದು. ಹೊಡೆತದ ದಿನದ ಬಗ್ಗೆ ಬೇಡ. ಬೇಸರದ ಒಂದು ಸಾಮಾನ್ಯ ಸಂಜೆಯ ಬಗ್ಗೆ, ನೋವಿಗೆ ಹತ್ತರಲ್ಲಿ ಎರಡೋ ಮೂರೋ ಅಂಕ ಕೊಡುವಂಥದ್ದು. ಅಲಾರಾಂ ಆದ ಕೂಡಲೇ ಎದ್ದು ಪೇಟೆಗೆ ಹೋಗಿ ಬನ್ನಿ, ಗಿಡಕ್ಕೆ ನೀರು ಹಾಕಿ. ಬರೆದ ದಿನ ರಾತ್ರಿ ನಿದ್ದೆ ಕೆಟ್ಟರೆ ಇನ್ನೂ ಹದ ಬಂದಿಲ್ಲ ಎಂದರ್ಥ, ಚಿಕಿತ್ಸಕರ ಎದುರಿಗೆ ಮಾತ್ರ ಮಾಡಿ.

ಮಗಳ ವಿಷಯ ಇವೆಲ್ಲಕ್ಕಿಂತ ಬೇಗ ಸರಿಯಾಗುವಂಥದ್ದು. ಅವಳ ಪಕ್ಕ ನೆಲದ ಮೇಲೆ ಕೂತು ಹೇಳಿ: ‘ಅವತ್ತ ಹಾಲು ಚೆಲ್ಲಿದಾಗ ನಾ ಒದರಿದ್ದು ತಪ್ಪಾತು. ನೀ ಹೆದರಿದಿ. ಚೆಲ್ಲಿದ್ದು ಏನೂ ದೊಡ್ಡದಲ್ಲ, ಒರಸಿದ್ರ ಆತು.’ ಅಷ್ಟೇ. ‘ಆದರೆ ನೀನೂ ನೋಡಿ ಹಿಡೀಬೇಕಿತ್ತು’ ಎಂದು ಸೇರಿಸಬೇಡಿ. ನಿಮ್ಮ ಬಾಲ್ಯದ ಕಥೆಯನ್ನೂ ಹೇಳಬೇಡಿ, ಅಪ್ಪನನ್ನು ಸಮಾಧಾನ ಮಾಡುವ ಭಾರ ಏಳು ವರ್ಷದ ಹೆಗಲಿಗೆ ಬೇಡ. ಮತ್ತೆ ಸಿಟ್ಟು ಏರುವುದು ತಿಳಿದ ಕೂಡಲೇ ‘ಎರಡು ನಿಮಿಷ ಹೊರಗ ಹೋಗಿ ಬರ್ತೀನಿ’ ಎಂದು ಹೇಳಿ ಹೋಗಿ, ಮತ್ತು ಹೇಳಿದಂತೆ ವಾಪಸು ಬನ್ನಿ. ಬಿಟ್ಟು ಹೋದವರು ಮರಳಿ ಬರುತ್ತಾರೆ ಎಂದು ಅವಳು ಕಲಿಯುವುದು ಹಾಗೆ. ನಿಮ್ಮ ಮನೆಯವರಿಗೆ ಈ ಪುಟ ಓದಲು ಕೊಡಿ. ಅವರು ನಿಮ್ಮ ನೋವನ್ನು ಹಗುರ ಮಾಡಲೆಂದು ಆ ಮಾತು ಹೇಳಿದವರಲ್ಲ ಅನ್ನಿಸುತ್ತದೆ, ಗಂಡ ಕುಸಿಯುವುದನ್ನು ನೋಡಿ ಹೆದರಿದ್ದಾರೆ.

ಕೊನೆಯದಾಗಿ ಅವ್ವ. ಈಗಲೇ ಕೇಳಬೇಡಿ. ಈಗ ಕೇಳಿದರೆ ಮಾತು ವಿಚಾರಣೆಯಾಗುತ್ತದೆ: ‘ಯಾಕ ಬಿಟ್ಟು ಹೋದಿ?’ ಅದಕ್ಕೆ ಅವರ ಬಳಿ ಇರುವುದು ಒಂದೇ ಉತ್ತರ, ಹೊಟ್ಟೆಗೆ ಇರಲಿಲ್ಲ. ಅದು ನಿಮಗೂ ಗೊತ್ತು. ಇಬ್ಬರೂ ಅಳುತ್ತೀರಿ, ಇಬ್ಬರಿಗೂ ಅಪರಾಧಿ ಭಾವ ಹೆಚ್ಚುತ್ತದೆ. ಕೆಲವು ತಿಂಗಳ ಚಿಕಿತ್ಸೆಯ ನಂತರ, ಅವರಿಂದ ನಿಮಗೆ ಏನು ಬೇಕು ಎಂದು ಸ್ಪಷ್ಟವಾದ ಮೇಲೆ ಮಾತಾಡಬಹುದು. ಮಾತಾಡದೆಯೂ ವಾಸಿಯಾಗಬಹುದು, ಅದು ಕಡ್ಡಾಯವಲ್ಲ. ಮಾತಾಡುವುದಾದರೆ ಪ್ರಶ್ನೆಯಿಂದ ಶುರು ಮಾಡದೆ ನಿಮ್ಮ ಬದಿಯ ಒಂದು ಸಂಗತಿಯಿಂದ ಶುರು ಮಾಡಿ: ‘ಆ ಪಂಚಮಿಗೆ ನಾ ನಿನ್ನ ಹತ್ರ ಬರ್ಲಿಲ್ಲಲ್ಲ, ನಿನ್ನ ಮ್ಯಾಲಿನ ಸಿಟ್ಟಿಗಲ್ಲವ್ವಾ, ಮತ್ತ ಹೋಗ್ತೀ ಅಂತ ಹೆದರಿಕಿ ಆಗಿತ್ತು.’ ಅವರು ಸುಮ್ಮನಾಗಬಹುದು. ‘ಹಳೇದು ಯಾಕ ತೆಗೀತಿ’ ಅನ್ನಬಹುದು. ಕಾಕಾ ಹೊಡೆಯುವುದು ತನಗೆ ಗೊತ್ತಿತ್ತು ಎಂದೂ ಹೇಳಬಹುದು. ಈ ಕೊನೆಯದಕ್ಕೆ ನೀವು ಮೊದಲೇ ತಯಾರಿರಬೇಕು, ಯಾಕೆಂದರೆ ಇಂಥ ಮನೆಗಳಲ್ಲಿ ಎಷ್ಟೋ ತಾಯಂದಿರಿಗೆ ಗೊತ್ತಿರುತ್ತದೆ, ಬೇರೆ ದಾರಿ ಇರುವುದಿಲ್ಲ. ಹಾಗಾಗಿ ಆ ಮಾತಿಗೆ ಮುನ್ನ ನಿಮ್ಮ ಚಿಕಿತ್ಸಕರ ಜೊತೆ ಒಂದು ಭೇಟಿ, ಮಾತಾದ ವಾರದೊಳಗೆ ಇನ್ನೊಂದು ಭೇಟಿ ಗೊತ್ತು ಮಾಡಿಕೊಂಡೇ ಊರಿಗೆ ಹೋಗಿ.